ಕೋರಿಗೊಂದು ಕಾಲ

ಎಂಟು ಕೋರಿನ ಕಂಪ್ಯೂಟರೊಂದು ಒಂದೇ ಕೋರಿನಲ್ಲಿ ಸರಾಗವಾಗಿ ಓಡುತ್ತದೆ. ಎಂಟನ್ನೂ ಬಳಸಲು ಬಿಟ್ಟರೆ ತೆವಳುತ್ತದೆ. ಕೇಳಿದರೆ ನಂಬುವ ಮಾತಲ್ಲ. ಆದರೆ ಆಪಲ್ ತಯಾರಿಸದ ಯಂತ್ರದ ಮೇಲೆ ಮ್ಯಾಕ್‌ಓಎಸ್ ಕೂರಿಸಲು ಹೊರಟವರಲ್ಲಿ ಅನೇಕರು ಇದನ್ನು ಕಣ್ಣಾರೆ ಕಂಡಿದ್ದಾರೆ. ಬೂಟ್ ಆಗುವುದರೊಳಗೆ ಕಾಫಿ ಮಾಡಿಕೊಂಡು ಕುಡಿದು ಲೋಟ ತೊಳೆದಿಟ್ಟು ಬರಬಹುದು. ಹೇಗೋ ಪರದೆ ಬಂತೆಂದರೆ, ಮೌಸ್ ಅಲುಗಿಸಿದಾಗ ಬಾಣದ ಗುರುತು ಗಕ್ಕನೆ ನಿಂತು, ಆಮೇಲೆ ಜಿಗಿದು ಇನ್ನೆಲ್ಲೋ ಕಾಣಿಸುತ್ತದೆ. ಒತ್ತಿದ ಅಕ್ಷರ ತಡವಾಗಿ ಮೂಡುತ್ತದೆ. ಹಾಡು ಹಾಕಿದರೆ ನಡುನಡುವೆ ಚಟಪಟ ಸದ್ದು. ಕೆಲವೊಮ್ಮೆ ಎಲ್ಲವೂ ಸರಿಯಿದ್ದು, ಸ್ಲೀಪ್‌ಗೆ ಹಾಕಿ ಎಬ್ಬಿಸಿದ ಮೇಲೆ ಮಾತ್ರ ಈ ಕಾಯಿಲೆ ಶುರುವಾಗುತ್ತದೆ.

ಅದೇ ಯಂತ್ರಕ್ಕೆ ವಿಂಡೋಸ್ ಹಾಕಿ ನೋಡಿ, ತಕರಾರಿಲ್ಲ. ಲಿನಕ್ಸ್ ಹಾಕಿ, ಅದೂ ಸರಿ. ಮೆಮೊರಿ ಪರೀಕ್ಷೆ ಪಾಸು, ಡಿಸ್ಕ್ ಪಾಸು, ತಾಪಮಾನ ಹದವಾಗಿದೆ. ಆಗ ಅನುಭವಸ್ಥರು ಮಾಡುವ ಮೊದಲ ಕೆಲಸ, ಬೂಟ್ ಮಾಡುವಾಗಲೇ ಕರ್ನಲ್‌ಗೆ, ಅಂದರೆ ಆಪರೇಟಿಂಗ್ ಸಿಸ್ಟಮಿನ ತಿರುಳಿಗೆ, ಒಂದೇ ಕೋರ್ ಬಳಸು ಎಂದು ಸೂಚನೆ ಕೊಡುವುದು. ಕೊಟ್ಟೊಡನೆ ಯಂತ್ರ ಚುರುಕಾದರೆ ರೋಗ ಗೊತ್ತಾದಂತೆಯೇ. ಕೋರುಗಳ ಶಕ್ತಿಗೆ ಏನೂ ಆಗಿಲ್ಲ. ಈಗ ಗಂಟೆ ಎಷ್ಟು ಎಂಬ ವಿಷಯದಲ್ಲಿ ಅವುಗಳಿಗೆ ಒಮ್ಮತವಿಲ್ಲ, ಅಷ್ಟೆ.

ಇಂಥ ಯಂತ್ರಗಳಿಗೆ ಹ್ಯಾಕಿಂಟಾಷ್ ಎಂಬ ಹೆಸರು ಬಿದ್ದಿದೆ. 2005ರ ಜೂನ್‌ನಲ್ಲಿ ಸ್ಟೀವ್ ಜಾಬ್ಸ್, ಮ್ಯಾಕ್‌ಗಳು ಪವರ್‌ಪಿಸಿ ಬಿಟ್ಟು ಇಂಟೆಲ್ ಪ್ರೊಸೆಸರಿಗೆ ಬರುತ್ತವೆ ಎಂದು ಘೋಷಿಸಿದರು. 2006ರ ಜನವರಿಯಲ್ಲಿ ಮೊದಲ ಇಂಟೆಲ್ ಮ್ಯಾಕ್‌ಗಳು ಬಂದವು. ಆ ಮ್ಯಾಕ್‌ಗೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿದ ಕಂಪ್ಯೂಟರಿಗೂ ಪ್ರೊಸೆಸರ್ ಒಂದೇ ಕುಲದ್ದು ಎಂದಾದ ಮೇಲೆ, ಇದರಲ್ಲಿ ಅದನ್ನೇಕೆ ಓಡಿಸಬಾರದು ಎಂದು ಜನ ಕೇಳಿದ್ದು ಸಹಜವೇ. ಆಪಲ್‌ನ ಪರವಾನಗಿ ಇದನ್ನು ಒಪ್ಪುವುದಿಲ್ಲ. ಇಂಥ ಯಂತ್ರಗಳನ್ನು ಬಹಿರಂಗವಾಗಿ ಮಾರಿದ ಸೈಸ್ಟಾರ್ ಎಂಬ ಅಮೆರಿಕದ ಕಂಪನಿಯ ಮೇಲೆ ಆಪಲ್ 2008ರಲ್ಲಿ ದಾವೆ ಹೂಡಿ, 2009ರ ಕೊನೆಗೆ ಶಾಶ್ವತ ತಡೆಯಾಜ್ಞೆ ಪಡೆಯಿತು. ಕಾನೂನಿನ ಮಾತು ಅಲ್ಲಿಗೆ ಸಾಕು. ಈ ಅಧ್ಯಾಯಕ್ಕೆ ಬೇಕಾದದ್ದು ಕಾಲದ ಮಾತು.

ಕಂಪ್ಯೂಟರಿನೊಳಗೆ ಕಾಲ ಹುಟ್ಟುವುದು ಕ್ವಾರ್ಟ್ಜ್ ಹರಳಿನಿಂದ. ವಿದ್ಯುತ್ ಕೊಟ್ಟರೆ ಹರಳು ತನ್ನ ಅಳತೆಗೆ ತಕ್ಕ ವೇಗದಲ್ಲಿ ಕಂಪಿಸುತ್ತದೆ. ಕಂಪನಗಳನ್ನು ಎಣಿಸಿದರೆ ಕಾಲ ಸಿಗುತ್ತದೆ. 1981ರಲ್ಲಿ ಐಬಿಎಂ ತನ್ನ ಮೊದಲ ಪಿಸಿಯನ್ನು ಬಿಟ್ಟಾಗ ಅದರಲ್ಲಿದ್ದ ಹರಳಿನ ವೇಗ ಸೆಕೆಂಡಿಗೆ 1 ಕೋಟಿ 43 ಲಕ್ಷದಷ್ಟು, ಸರಿಯಾಗಿ ಹೇಳಬೇಕೆಂದರೆ 14.31818 ಮೆಗಾಹರ್ಟ್ಸ್. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ಅಮೆರಿಕದ ಬಣ್ಣದ ಟಿವಿಯಿಂದ. 1953ರಲ್ಲಿ ಅಲ್ಲಿ ಒಪ್ಪಿಗೆಯಾದ ಬಣ್ಣದ ಪ್ರಸಾರದ ನಿಯಮದಲ್ಲಿ ಬಣ್ಣದ ಮಾಹಿತಿ ಹೊರುವ ತರಂಗದ ವೇಗ 3.579545 ಮೆಗಾಹರ್ಟ್ಸ್. ಅದರ ನಾಲ್ಕರಷ್ಟೇ ಈ 14.31818. ಮನೆಯ ಟಿವಿಗೇ ಪಿಸಿ ಜೋಡಿಸಿ ಬಣ್ಣದ ಚಿತ್ರ ಕಾಣುವಂತಿರಬೇಕು, ಹರಳೂ ಅಗ್ಗವಾಗಿ ಸಿಗಬೇಕು ಎಂಬ ಲೆಕ್ಕ. ಅದನ್ನೇ ಮೂರರಿಂದ ಭಾಗಿಸಿ 8088 ಪ್ರೊಸೆಸರಿಗೆ 4.77 ಮೆಗಾಹರ್ಟ್ಸ್ ಕೊಟ್ಟರು. ಹನ್ನೆರಡರಿಂದ ಭಾಗಿಸಿ 8253 ಎಂಬ ಟೈಮರ್ ಚಿಪ್‌ಗೆ 1.193 ಮೆಗಾಹರ್ಟ್ಸ್ ಕೊಟ್ಟರು. ಆ ಚಿಪ್ 65,536 ಎಣಿಸಿದಾಗಲೊಮ್ಮೆ ಪ್ರೊಸೆಸರನ್ನು ತಟ್ಟುತ್ತಿತ್ತು, ಅಂದರೆ ಸೆಕೆಂಡಿಗೆ 18.2 ಸಲ. ಡಾಸ್ ಕಾಲದ ಪ್ರೋಗ್ರಾಂಗಳಲ್ಲಿ 55 ಮಿಲಿಸೆಕೆಂಡ್ ಎಂಬ ಅಳತೆ ಪದೇ ಪದೇ ಕಾಣಿಸುವುದಕ್ಕೆ ಕಾರಣ ಇದು.

55 ಮಿಲಿಸೆಕೆಂಡಿಗಿಂತ ಸಣ್ಣ ಕಾಲ ಬೇಕಾದವರು ಏನು ಮಾಡಬೇಕು? ಪ್ರೊಸೆಸರನ್ನೇ ಸುಮ್ಮನೆ ಸುತ್ತು ಹಾಕಿಸುವುದು. ಒಂದು ತಟ್ಟಿನಿಂದ ಇನ್ನೊಂದು ತಟ್ಟಿನವರೆಗೆ ಎಷ್ಟು ಸುತ್ತು ಆಯಿತೆಂದು ಮೊದಲೇ ಅಳೆದಿಟ್ಟುಕೊಂಡು, ಆಮೇಲೆ ಒಂದು ಮಿಲಿಸೆಕೆಂಡ್ ಬೇಕೆಂದಾಗ ಅದರ ಐವತ್ತೈದನೇ ಒಂದು ಭಾಗದಷ್ಟು ಸುತ್ತು ಹಾಕಿಸುವುದು. ಜಾಣ ಉಪಾಯವೇ, ಆದರೆ ಮುಂದೆ ಬರುವ ಪ್ರೊಸೆಸರ್‌ಗಳು ಎಷ್ಟು ವೇಗವಾಗಬಹುದೆಂದು ಊಹಿಸಿರಲಿಲ್ಲ. ಟರ್ಬೊ ಪ್ಯಾಸ್ಕಲ್‌ನಲ್ಲಿ ಬರೆದ ಪ್ರೋಗ್ರಾಂಗಳು ಆ ಭಾಗಲಬ್ಧವನ್ನು 16 ಬಿಟ್ಟಿನ ಜಾಗದಲ್ಲಿ ಇಡುತ್ತಿದ್ದವು. ಪೆಂಟಿಯಂ ಕುಲ 200 ಮೆಗಾಹರ್ಟ್ಸ್‌ನ ಆಸುಪಾಸಿಗೆ ಬಂದಾಗ ಉತ್ತರ 65,535 ದಾಟಿತು, ಜಾಗ ಸಾಲಲಿಲ್ಲ, ಪ್ರೋಗ್ರಾಂಗಳು ಶುರುವಾಗುತ್ತಲೇ ‘ರನ್‌ಟೈಮ್ ಎರರ್ 200’ ಎಂದು ಸತ್ತವು. ಮೆಗಾಹರ್ಟ್ಸೂ 200, ದೋಷದ ನಂಬರೂ 200, ಕೇವಲ ಕಾಕತಾಳೀಯ. ಸೊನ್ನೆಯಿಂದ ಭಾಗಿಸಿದಾಗಲೂ ಬರುವ ಇದೇ ದೋಷಕ್ಕೆ ಟರ್ಬೊ ಪ್ಯಾಸ್ಕಲ್ ತಯಾರಿಸಿದ ಬೋರ್ಲ್ಯಾಂಡ್‌ನವರು ಕೊಟ್ಟಿದ್ದ ನಂಬರ್ ಅದು. ವಿಂಡೋಸ್ 95ಕ್ಕೂ ಇದೇ ಗತಿಯಾಯಿತು. ಎಎಂಡಿಯ ಕೆ6-2 ಪ್ರೊಸೆಸರ್ 350 ಮೆಗಾಹರ್ಟ್ಸ್ ಮುಟ್ಟಿದಾಗ ಬೂಟ್ ಆಗುವುದೇ ನಿಂತಿತು. ಸುತ್ತು ಹಾಕಿಸುವ ಆಜ್ಞೆಯನ್ನು ಆ ಚಿಪ್ ಇಂಟೆಲ್‌ಗಿಂತ ಎಷ್ಟೋ ಬೇಗ ಮುಗಿಸುತ್ತಿದ್ದುದೇ ಅದರ ತಪ್ಪು! ಮೈಕ್ರೊಸಾಫ್ಟ್ ತೇಪೆ ಹಾಕಬೇಕಾಯಿತು.

ಹೊಸ ಹಾರ್ಡ್‌ವೇರ್ ಕೆಟ್ಟದ್ದಾಗಿದ್ದರಿಂದ ಈ ಯಾವ ಪ್ರೋಗ್ರಾಮೂ ಸಾಯಲಿಲ್ಲ. ಕಾಲ ಹೀಗೆಯೇ ನಡೆಯುತ್ತದೆ ಎಂದು ಪ್ರೋಗ್ರಾಂ ಬರೆದವರು ಇಟ್ಟುಕೊಂಡಿದ್ದ ನಂಬಿಕೆಯನ್ನು ಹಾರ್ಡ್‌ವೇರ್ ಉಳಿಸಿಕೊಡಲಿಲ್ಲ. ಆ ನಂಬಿಕೆ ಯಾವ ಕೈಪಿಡಿಯಲ್ಲೂ ಷರತ್ತಾಗಿ ಅಚ್ಚಾಗಿರುವುದಿಲ್ಲ. ಬೆಂಬಲವಿರುವ ಯಂತ್ರದಲ್ಲಿ ಅದು ಯಾರ ಗಮನಕ್ಕೂ ಬಾರದೆ ಈಡೇರುತ್ತಿರುತ್ತದೆ. ಬೆಂಬಲವಿಲ್ಲದ ಯಂತ್ರದಲ್ಲಿ ಓಡಿಸಿದಾಗಲೇ ಅಂಥದ್ದೊಂದು ಇತ್ತು ಎಂಬುದು ಗೊತ್ತಾಗುವುದು.

1993ರ ಪೆಂಟಿಯಂ ಈ ಸುತ್ತು ಹಾಕಿಸುವ ಉಪದ್ವ್ಯಾಪಕ್ಕೆ ಮದ್ದು ತಂದಿತು. ಪ್ರೊಸೆಸರಿನ ಒಳಗೇ ಒಂದು ಎಣಿಕೆಯ ರಿಜಿಸ್ಟರ್. ಗಡಿಯಾರದ ಪ್ರತಿ ಬಡಿತಕ್ಕೂ ಅದರಲ್ಲಿ ಒಂದು ಕೂಡುತ್ತದೆ. ಇದರ ಹೆಸರು ಟೈಮ್ ಸ್ಟ್ಯಾಂಪ್ ಕೌಂಟರ್. ಎಲ್ಲರ ಬಾಯಲ್ಲೂ ಟಿಎಸ್‌ಸಿ. 64 ಬಿಟ್ಟಿನ ಅಗಲವಿರುವುದರಿಂದ 3 ಗಿಗಾಹರ್ಟ್ಸ್ ವೇಗದಲ್ಲಿ ಎಣಿಸಿದರೂ ತುಂಬಿ ಮತ್ತೆ ಸೊನ್ನೆಗೆ ಬರಲು ಸುಮಾರು 195 ವರ್ಷ ಬೇಕು. 32 ಬಿಟ್ ಆಗಿದ್ದರೆ ಒಂದೂವರೆ ಸೆಕೆಂಡಿನೊಳಗೆ ತುಂಬಿಬಿಡುತ್ತಿತ್ತು. ಇದನ್ನು ಓದುವುದಕ್ಕೆ ಒಂದೇ ಆಜ್ಞೆ ಸಾಕು, ಪ್ರೊಸೆಸರ್ ತನ್ನ ಮೈಬಿಟ್ಟು ಹೊರಗೆ ಹೋಗಬೇಕಿಲ್ಲ. ಹತ್ತಾರು ನ್ಯಾನೊಸೆಕೆಂಡಿನಲ್ಲಿ ಉತ್ತರ ಕೈಗೆ ಬರುತ್ತದೆ. ಮದರ್‌ಬೋರ್ಡಿನ ಬೇರೆ ಟೈಮರ್‌ಗಳನ್ನು ಕೇಳಿದರೆ ಉತ್ತರ ಬರಲು ಹತ್ತಾರು ಪಟ್ಟು ಹೆಚ್ಚು ಹೊತ್ತು. ಇಂದಿನ ಆಪರೇಟಿಂಗ್ ಸಿಸ್ಟಂ ಸೆಕೆಂಡಿಗೆ ಸಾವಿರಾರು ಸಲ, ಕೆಲವು ಕೆಲಸಗಳಲ್ಲಿ ಲಕ್ಷಗಟ್ಟಲೆ ಸಲ ‘ಈಗೆಷ್ಟು ಹೊತ್ತು’ ಎಂದು ಕೇಳುತ್ತಿರುತ್ತದೆ. ಹಾಗಿರುವಾಗ ಎಲ್ಲರೂ ಟಿಎಸ್‌ಸಿಗೆ ಮುಗಿಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ.

ಮುಗಿಬಿದ್ದ ಮೇಲೆ ತೊಂದರೆಗಳು ಒಂದೊಂದಾಗಿ ಹೊರಬಿದ್ದವು. ಮೊದಲಿಗೆ ವೇಗ. ಬ್ಯಾಟರಿ ಉಳಿಸಲು ಪ್ರೊಸೆಸರ್ ನಿಧಾನಕ್ಕೆ ಓಡತೊಡಗಿದರೆ ಟಿಎಸ್‌ಸಿಯೂ ನಿಧಾನವಾಗುತ್ತಿತ್ತು, ಹಾಗಾಗಿ ಬಡಿತ ಎಣಿಸಿದರೆ ಕಾಲ ಸಿಗುತ್ತದೆ ಎಂಬ ಲೆಕ್ಕವೇ ತಲೆಕೆಳಗು. ಆಮೇಲೆ ಕೋರುಗಳು ಎರಡಾದವು. 2005ರಲ್ಲಿ ಬಂದ ಎಎಂಡಿಯ ಅಥ್ಲಾನ್ 64 ಎಕ್ಸ್2ರಲ್ಲಿ ಎರಡು ಕೋರ್, ಎರಡು ಟಿಎಸ್‌ಸಿ. ಕೆಲಸವಿಲ್ಲದೆ ಒಂದು ಕೋರ್ ವಿರಮಿಸಿದರೆ ಅದರ ಎಣಿಕೆ ಹಿಂದೆ ಬೀಳುತ್ತಿತ್ತು. ವಿಂಡೋಸ್ ಎಕ್ಸ್‌ಪಿಯಲ್ಲಿ ಆಟ ಆಡುವವರಿಗೆ ಇದು ನೇರವಾಗಿ ಕಾಣಿಸಿತು: ಓಡುತ್ತಿದ್ದ ಪಾತ್ರ ಇದ್ದಕ್ಕಿದ್ದಂತೆ ಹಿಂದಕ್ಕೆ ಹೋಗುವುದು, ಆಟ ಒಮ್ಮೆ ನಾಗಾಲೋಟ, ಒಮ್ಮೆ ಆಮೆನಡಿಗೆ. ಎಎಂಡಿ ‘ಡ್ಯುಯಲ್ ಕೋರ್ ಆಪ್ಟಿಮೈಸರ್’ ಎಂಬ ಪುಟ್ಟ ತಂತ್ರಾಂಶ ಬಿಟ್ಟಿತು. ಮೈಕ್ರೊಸಾಫ್ಟ್ ಮಾತ್ರ ಟಿಎಸ್‌ಸಿ ಬಿಟ್ಟು ಬೋರ್ಡಿನ ಪವರ್ ಮ್ಯಾನೇಜ್‌ಮೆಂಟ್ ಟೈಮರ್ ಬಳಸಿ ಎಂದು ಒಂದು ಬೂಟ್ ಸೂಚನೆಯನ್ನು ತಿಳಿಸಿತು. ಆ ಟೈಮರಿನ ವೇಗ ಎಷ್ಟು ಗೊತ್ತೆ? 3.579545 ಮೆಗಾಹರ್ಟ್ಸ್. ಅದೇ ಬಣ್ಣದ ಟಿವಿಯ ಸಂಖ್ಯೆ.

ತಯಾರಕರು ಪಾಠ ಕಲಿತರು. 2008ರ ನೆಹಲೆಮ್ ಪೀಳಿಗೆಯಿಂದ ಇಂಟೆಲ್ ಪ್ರೊಸೆಸರುಗಳ ಟಿಎಸ್‌ಸಿ, ಕೋರ್ ನಿಧಾನವಾಗಲಿ, ಗಾಢ ನಿದ್ದೆಗೇ ಹೋಗಲಿ, ಒಂದೇ ವೇಗದಲ್ಲಿ ಎಣಿಸುತ್ತ ಹೋಗುತ್ತದೆ. ಇಲ್ಲಿಗೆ ಕತೆ ಮುಗಿಯಬೇಕಿತ್ತು. ಆದರೆ ಎಣಿಕೆಯ ವೇಗ ಒಂದೇ ಆಗಿದ್ದ ಮಾತ್ರಕ್ಕೆ ಎಣಿಕೆಯೂ ಒಂದೇ ಆಗಿರಬೇಕೆಂದಿಲ್ಲ. ಎಲ್ಲ ಕೋರುಗಳೂ ಸೊನ್ನೆಯಿಂದ ಒಟ್ಟಿಗೇ ಹೊರಟಿರಬೇಕು, ನಡುವೆ ಯಾರೂ ಕೈಹಾಕಿರಬಾರದು.

ಕೈಹಾಕುವುದು ಯಾರು? ಹೆಚ್ಚಿನ ಸಲ ಬಯಾಸ್, ಅಂದರೆ ಮದರ್‌ಬೋರ್ಡಿನ ಫರ್ಮ್‌ವೇರ್. ಪವರ್ ಕೊಟ್ಟೊಡನೆ ಎಲ್ಲ ಕೋರುಗಳ ಟಿಎಸ್‌ಸಿಯೂ ಸೊನ್ನೆಯಾಗುತ್ತದೆ. ಆಮೇಲೆ ಒಂದು ಕೋರ್ ಮಾತ್ರ ಎದ್ದು ಫರ್ಮ್‌ವೇರ್ ಓಡಿಸುತ್ತದೆ, ಉಳಿದವು ಕರೆ ಬರುವ ತನಕ ಕಾಯುತ್ತವೆ. ಈ ಹಂತದಲ್ಲಿ ಕೆಲವು ಫರ್ಮ್‌ವೇರ್‌ಗಳು ಮೊದಲ ಕೋರಿನ ಟಿಎಸ್‌ಸಿಗೆ ಏನೋ ಒಂದು ಸಂಖ್ಯೆ ಬರೆದು, ಮಿಕ್ಕವುಗಳಿಗೆ ಬರೆಯದೆ ಬಿಟ್ಟುಬಿಡುತ್ತವೆ. ಸ್ಲೀಪ್‌ನಿಂದ ಎಬ್ಬಿಸಿದಾಗಲೂ ಹೀಗೇ ಆಗುತ್ತದೆ. ಇನ್ನು ಕೆಲವು ಫರ್ಮ್‌ವೇರ್‌ಗಳದು ಕಳ್ಳಾಟ. ಆಪರೇಟಿಂಗ್ ಸಿಸ್ಟಮಿಗೆ ಗೊತ್ತಾಗದ ಹಾಗೆ ಅವು ಆಗಾಗ ಪ್ರೊಸೆಸರನ್ನು ತಮ್ಮ ಕೈಗೆ ತೆಗೆದುಕೊಂಡು ಏನೋ ಕೆಲಸ ಮುಗಿಸುತ್ತವೆ. ಹಾಗೆ ಕದ್ದ ಹೊತ್ತನ್ನು ಮರೆಮಾಚಲು ಒಳಗೆ ಹೋಗುವಾಗ ಟಿಎಸ್‌ಸಿ ನೋಡಿಕೊಂಡು, ಹೊರಬರುವಾಗ ಹಳೆಯ ಸಂಖ್ಯೆಯನ್ನೇ ತಿರುಗಿ ಬರೆಯುತ್ತವೆ. ಹ್ಯಾಕಿಂಟಾಷ್ ಕಟ್ಟುವವರಿಗೆ ಇದು ಹೆಚ್ಚಾಗಿ ಎದುರಾದದ್ದು ಸರ್ವರ್ ಬೋರ್ಡುಗಳಲ್ಲಿ, ಹತ್ತಾರು ಕೋರಿನ ದುಬಾರಿ ಡೆಸ್ಕ್‌ಟಾಪ್ ಬೋರ್ಡುಗಳಲ್ಲಿ, ಮತ್ತೆ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ. ಹೆಚ್ಚು ದುಡ್ಡು ಕೊಟ್ಟವರಿಗೇ ಹೆಚ್ಚು ಕಾಟ.

ಕೋರುಗಳ ಎಣಿಕೆ ಹೊಂದದಿದ್ದರೆ ಯಂತ್ರ ಏಕೆ ತೆವಳಬೇಕು? ಧಾರವಾಡದಲ್ಲಿ ಹತ್ತು ಗಂಟೆಗೆ ಠಸ್ಸೆ ಒತ್ತಿ ಕಳಿಸಿದ ಟಪಾಲಿಗೆ ಹುಬ್ಬಳ್ಳಿಯಲ್ಲಿ ಒಂಬತ್ತು ಐವತ್ತೆಂಟರ ಠಸ್ಸೆ ಬಿತ್ತೆಂದುಕೊಳ್ಳಿ. ಕಾಗದ ಎಷ್ಟು ಹೊತ್ತು ದಾರಿಯಲ್ಲಿತ್ತೆಂದು ಲೆಕ್ಕ ಹಾಕುವ ಗುಮಾಸ್ತ ತಬ್ಬಿಬ್ಬಾಗುತ್ತಾನೆ. ಕರ್ನಲ್ ಕೂಡ ಒಂದು ಕೆಲಸವನ್ನು ಒಂದು ಕೋರಿನಿಂದ ಇನ್ನೊಂದಕ್ಕೆ ಸದಾ ದಾಟಿಸುತ್ತಿರುತ್ತದೆ. ಒಂದು ಕಡೆ ಕೆಲಸ ನಿಲ್ಲಿಸುವಾಗ ಟಿಎಸ್‌ಸಿ 900 ಕೋಟಿ ಎಂದು ಬರೆದುಕೊಂಡಿತು. ಎಣಿಕೆ ಹಿಂದಿರುವ ಇನ್ನೊಂದು ಕೋರಿನಲ್ಲಿ ಅದನ್ನು ಮುಂದುವರಿಸುವಾಗ 899 ಕೋಟಿ 99 ಲಕ್ಷ 99 ಸಾವಿರ ಎಂದು ಓದಿತು. ಕಳೆದರೆ ಮೈನಸ್ ಒಂದು ಸಾವಿರ. ಮನುಷ್ಯನಾದರೆ ಎಲ್ಲೋ ತಪ್ಪಾಯಿತೆಂದು ನಗುತ್ತಿದ್ದ. ಪ್ರೊಸೆಸರಿನ ಲೆಕ್ಕದಲ್ಲಿ ಮೈನಸ್‌ಗೆ ಜಾಗವಿಲ್ಲದಿದ್ದರೆ ಉತ್ತರ 18446744073709550616 ಎಂಬ ಇಪ್ಪತ್ತು ಅಂಕಿಗಳ ಸಂಖ್ಯೆಯಾಗುತ್ತದೆ. 3 ಗಿಗಾಹರ್ಟ್ಸ್ ವೇಗದಲ್ಲಿ ಅದು ಸುಮಾರು 195 ವರ್ಷ. ಮೈಕ್ರೊಸೆಕೆಂಡಿನಷ್ಟೂ ಇಲ್ಲದ ಒಂದು ವ್ಯತ್ಯಾಸ ಎರಡು ಶತಮಾನವಾಗಿ ಕರ್ನಲ್‌ನ ಪುಸ್ತಕಕ್ಕೆ ಏರಿತು.

ಇಂಥ ಅತಿರೇಕವನ್ನು ಕರ್ನಲ್ ಹಿಡಿದರೆ ಕಾಲ ಹಿಂದಕ್ಕೆ ಹೋಯಿತೆಂದು ದೂರಿ ಯಂತ್ರವನ್ನೇ ನಿಲ್ಲಿಸುತ್ತದೆ. ತೆವಳುವಿಕೆಯ ಕಾರಣ ಇನ್ನೂ ನವಿರು. ಪ್ರತಿ ಕೋರಿಗೂ ಎಬ್ಬಿಸುವ ಟೈಮರೊಂದು ಇರುತ್ತದೆ, ಇಂತಿಷ್ಟು ಹೊತ್ತಿಗೆ ನನ್ನನ್ನು ಎಬ್ಬಿಸು ಎಂದು ಕರ್ನಲ್ ಅದಕ್ಕೆ ಹೇಳಿಡುತ್ತದೆ. ಈಚಿನ ಇಂಟೆಲ್ ಪ್ರೊಸೆಸರುಗಳಲ್ಲಿ ಆ ‘ಇಂತಿಷ್ಟು ಹೊತ್ತು’ ಎಂಬುದನ್ನು ಬರೆಯುವುದು ಟಿಎಸ್‌ಸಿಯ ಸಂಖ್ಯೆಯಲ್ಲೇ. ಒಂದು ಕೋರ್ ನಾಲ್ಕು ಸೆಕೆಂಡ್ ಹಿಂದಿದ್ದರೆ, ಬೇರೆ ಕೋರ್ ‘ಇನ್ನು ಎಂಟು ಮಿಲಿಸೆಕೆಂಡಿಗೆ’ ಎಂದು ಗೊತ್ತುಮಾಡಿದ ಕೆಲಸ ಇದರ ಪಾಲಿಗೆ ನಾಲ್ಕು ಸೆಕೆಂಡಿನಾಚೆ ಬೀಳುತ್ತದೆ. ಪರದೆಯನ್ನು ತಿರುಗಿ ಬರೆಯಬೇಕಾದ ಕೆಲಸ, ಮೌಸಿನ ಸುದ್ದಿ ಕೇಳಬೇಕಾದ ಕೆಲಸ, ಸ್ಪೀಕರಿಗೆ ಮುಂದಿನ ತುಣುಕು ಕೊಡಬೇಕಾದ ಕೆಲಸ, ಎಲ್ಲವೂ ಆ ಕೋರಿಗೆ ಹೋದಾಗ ಕಾದು ಕೂರುತ್ತವೆ. ಪ್ರೊಸೆಸರಿನ ಬಳಕೆ ನೋಡಿದರೆ ಹೆಚ್ಚೇನೂ ಇರುವುದಿಲ್ಲ. ಯಂತ್ರಕ್ಕೆ ಬಿಡುವಿಲ್ಲ ಎಂದಲ್ಲ. ಹೊತ್ತಾಗಿಲ್ಲ ಎಂದುಕೊಂಡು ಅದು ಆರಾಮಾಗಿ ಕೂತಿದೆ.

ಹಾಗಿದ್ದರೆ ಲಿನಕ್ಸ್ ಹೇಗೆ ಪಾರಾಗುತ್ತದೆ? ಅದು ಹುಟ್ಟಾ ಅನುಮಾನದ ಪ್ರಾಣಿ. ಯಾವ ಬೀದಿಯ ಯಾವ ಬೋರ್ಡಿನ ಮೇಲೆ ಕೂರಬೇಕಾದೀತೋ ಎಂಬುದು ತಿಳಿಯದೆ ಬೆಳೆದದ್ದು. ಪ್ರತಿ ಕೋರ್ ಎದ್ದೊಡನೆ ಅದನ್ನೂ ಈಗಾಗಲೇ ಎದ್ದಿರುವ ಇನ್ನೊಂದನ್ನೂ ಕೆಲವು ಮಿಲಿಸೆಕೆಂಡ್ ಸರದಿಯಂತೆ ಟಿಎಸ್‌ಸಿ ಓದಲು ಹಚ್ಚುತ್ತದೆ. ನೀನೋದು, ನಾನೋದು, ಮತ್ತೆ ನೀನೋದು. ಒಂದು ಸಲವಾದರೂ ತರುವಾಯ ಓದಿದ್ದು ಮೊದಲು ಓದಿದ್ದಕ್ಕಿಂತ ಕಡಿಮೆ ಬಂದರೆ ಟಿಎಸ್‌ಸಿಯನ್ನು ಗಡಿಯಾರದ ಹುದ್ದೆಯಿಂದ ಇಳಿಸಿ, ಬೋರ್ಡಿನ ಇನ್ನೊಂದು ಟೈಮರಿಗೆ ಆ ಕೆಲಸ ಒಪ್ಪಿಸುತ್ತದೆ. ಅಷ್ಟಕ್ಕೂ ಬಿಡದೆ, ಹಲವು ಯಂತ್ರಗಳಲ್ಲಿ ಪಾಸಾದ ಟಿಎಸ್‌ಸಿಯ ಮೇಲೂ ಕಾವಲು ಇಟ್ಟು ಅರ್ಧ ಸೆಕೆಂಡಿಗೊಮ್ಮೆ ಬೇರೆ ಗಡಿಯಾರದೊಡನೆ ತಾಳೆ ನೋಡುತ್ತದೆ. ಹುದ್ದೆ ಬದಲಾದರೆ ಯಂತ್ರ ಸ್ವಲ್ಪ ನಿಧಾನವಾದೀತು, ತಪ್ಪು ಮಾತ್ರ ಮಾಡದು.

ಮ್ಯಾಕ್‌ಓಎಸ್‌ಗೆ ಈ ಅನುಮಾನ ಬೇಕಿರಲಿಲ್ಲ. ಬೋರ್ಡು ಆಪಲ್‌ದು, ಫರ್ಮ್‌ವೇರ್ ಆಪಲ್‌ದು. ಎಲ್ಲ ಕೋರುಗಳನ್ನೂ ಒಂದೇ ಎಣಿಕೆಗೆ ತಂದು ಕೊಡುವುದು ತಮ್ಮದೇ ಇನ್ನೊಂದು ವಿಭಾಗದ ಕೆಲಸ ಎಂದಾದ ಮೇಲೆ ಕರ್ನಲ್ ಬರೆಯುವವರು ಪರೀಕ್ಷೆ ಏಕೆ ಬರೆಯಬೇಕು? ಅದರ ಕರ್ನಲ್‌ನಲ್ಲಿ ಹೊತ್ತು ಕೇಳುವ ದಾರಿ ಇಷ್ಟೇ: ಟಿಎಸ್‌ಸಿ ಓದು, ಮೊದಲೇ ಬರೆದಿಟ್ಟ ಆರಂಭದ ಸಂಖ್ಯೆಯನ್ನು ಕಳೆ, ನ್ಯಾನೊಸೆಕೆಂಡಿಗೆ ಪರಿವರ್ತಿಸು. ಯಾವ ಕೋರಿನಲ್ಲಿ ಓದುತ್ತಿದ್ದೇನೆ ಎಂಬ ಪ್ರಶ್ನೆಯೇ ಅದಕ್ಕೆ ಹೊಳೆಯುವುದಿಲ್ಲ. ಇದನ್ನು ಸೋಮಾರಿತನ ಎನ್ನುವವರಿದ್ದಾರೆ. ನನಗೆ ಹಾಗೆನ್ನಿಸುವುದಿಲ್ಲ. ತನ್ನ ಯಂತ್ರದಲ್ಲಿ ಎಂದೂ ಆಗದ ತಪ್ಪಿಗೆ ಕಾವಲು ಕಾಯುವುದೂ ಒಂದು ದಂಡದ ಖರ್ಚೇ.

ಇನ್ನು ದುರಸ್ತಿ. ಆಪಲ್‌ನ ಫರ್ಮ್‌ವೇರ್ ಮಾಡಬೇಕಿದ್ದ ಕೆಲಸವನ್ನು ಬೇರೆ ಯಾರಾದರೂ ಮಾಡಬೇಕು. ಹ್ಯಾಕಿಂಟಾಷ್ ಲೋಕದಲ್ಲಿ ಅದನ್ನು ಮಾಡುವುದು ಕೆಕ್ಸ್ಟ್, ಅಂದರೆ ಕರ್ನಲ್‌ಗೆ ಹಚ್ಚುವ ಸಣ್ಣ ತುಂಡು ತಂತ್ರಾಂಶ. ಹಳೆಯದು ವೂಡೂಟಿಎಸ್‌ಸಿಸಿಂಕ್. ಅದರ ವಿಧಾನ ನೇರ. ಒಂದು ಕೋರಿನ ಟಿಎಸ್‌ಸಿ ಓದುತ್ತದೆ. ಎಲ್ಲ ಕೋರುಗಳನ್ನೂ ಕೈಯಲ್ಲಿದ್ದ ಕೆಲಸ ಬಿಟ್ಟು ಒಂದು ಕಡೆ ಸೇರಿ ನಿಲ್ಲುವಂತೆ ಮಾಡುತ್ತದೆ, ಇಂಟರಪ್ಟ್‌ಗಳನ್ನೂ ತಡೆಯುತ್ತದೆ. ಎಲ್ಲವೂ ಬಂದು ನಿಂತವೆಂದು ಖಾತ್ರಿಯಾದೊಡನೆ ಪ್ರತಿಯೊಂದೂ ಆ ಒಂದೇ ಸಂಖ್ಯೆಯನ್ನು ತನ್ನ ಟಿಎಸ್‌ಸಿಗೆ ಬರೆದುಕೊಳ್ಳುತ್ತದೆ. ಸ್ಲೀಪ್‌ನಿಂದ ಎದ್ದಾಗಲೆಲ್ಲ ಇದೇ ಕವಾಯತು. ಎಷ್ಟು ಥ್ರೆಡ್, ಅಂದರೆ ಕರ್ನಲ್ ಕಣ್ಣಿಗೆ ಕಾಣುವ ಕೋರು, ಇವೆ ಎಂಬುದನ್ನು ಮಾತ್ರ ನಾವೇ ಅದರ ಸೆಟ್ಟಿಂಗ್ ಕಡತದಲ್ಲಿ ಬರೆಯಬೇಕು. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಒಂದು ಕಡಿಮೆ: 16 ಥ್ರೆಡ್ ಇದ್ದರೆ 15. ಬೇರೆಯವರ ಯಂತ್ರದಿಂದ ಕಡತ ನಕಲು ಮಾಡಿಕೊಂಡು ಈ ಸಂಖ್ಯೆ ಬದಲಾಯಿಸಲು ಮರೆತರೆ ಕೆಕ್ಸ್ಟ್ ಇದ್ದೂ ಇಲ್ಲದಂತೆ.

ಈ ವಿಧಾನದಲ್ಲಿ ಒಂದು ಸಣ್ಣ ಕೊರತೆಯಿದೆ. ‘ಬರೆಯಿರಿ’ ಎಂಬ ಸೂಚನೆ ಎಲ್ಲ ಕೋರುಗಳಿಗೂ ಒಂದೇ ಕ್ಷಣಕ್ಕೆ ಮುಟ್ಟುವುದಿಲ್ಲ. 3 ಗಿಗಾಹರ್ಟ್ಸ್‌ನಲ್ಲಿ ಒಂದು ಬಡಿತದ ಅವಧಿಯಲ್ಲಿ ಬೆಳಕೇ ಹತ್ತು ಸೆಂಟಿಮೀಟರ್ ದಾಟಲಾರದು. ಚಿಪ್‌ನೊಳಗಿನ ಸಂದೇಶ ಅದಕ್ಕಿಂತ ಎಷ್ಟೋ ನಿಧಾನ. ಹಾಗಾಗಿ ಬರೆದು ಮುಗಿಸಿದ ಮೇಲೂ ನೂರಾರು ಬಡಿತಗಳ ಹೆಚ್ಚುಕಡಿಮೆ ಉಳಿಯಬಹುದು. ಸೆಕೆಂಡುಗಳ ಅಂತರ ನ್ಯಾನೊಸೆಕೆಂಡಿಗೆ ಇಳಿದಿರುವುದರಿಂದ ಮೌಸ್ ಸರಿಯಾಗಿ ಓಡುತ್ತದೆ, ಆದರೆ ಲೆಕ್ಕ ಪೂರ್ತಿ ಚುಕ್ತಾ ಆಗಿಲ್ಲ.

ಚುಕ್ತಾ ಮಾಡುವ ದಾರಿ ತೆರೆದದ್ದು 2013ರ ಹ್ಯಾಸ್ವೆಲ್ ಪೀಳಿಗೆ. ಅದರಲ್ಲಿ ಪ್ರತಿ ಕೋರಿಗೂ ಟಿಎಸ್‌ಸಿ ಅಡ್ಜಸ್ಟ್ ಎಂಬ ಇನ್ನೊಂದು ರಿಜಿಸ್ಟರ್ ಬಂತು. ಯಾರಾದರೂ ಟಿಎಸ್‌ಸಿಗೆ ಹೊಸ ಸಂಖ್ಯೆ ಬರೆದು ಅದನ್ನು ಒಂದು ಲಕ್ಷ ಮುಂದಕ್ಕೆ ತಳ್ಳಿದರೆ ಇದರಲ್ಲೂ ಒಂದು ಲಕ್ಷ ಕೂಡುತ್ತದೆ. ಹಿಂದಕ್ಕೆಳೆದರೆ ಅಷ್ಟೇ ಕಳೆಯುತ್ತದೆ. ಅಂದರೆ ಹುಟ್ಟಿದಂದಿನಿಂದ ಎಣಿಕೆಯ ಮೇಲೆ ನಡೆದ ಕೈಚಳಕದ ನಿವ್ವಳ ಮೊತ್ತ ಇಲ್ಲಿ ಜಮೆಯಾಗಿರುತ್ತದೆ. ಫರ್ಮ್‌ವೇರಿನ ಕಳ್ಳಾಟಕ್ಕೆ ಸಾಕ್ಷಿ ಸಿಕ್ಕಿತು. ಮತ್ತೊಂದು ಅನುಕೂಲ: ಈ ರಿಜಿಸ್ಟರಿಗೆ ಸೊನ್ನೆ ಬರೆದರೆ ಆ ಕೈಚಳಕವಷ್ಟೂ ರದ್ದಾಗಿ, ಟಿಎಸ್‌ಸಿ ಯಾರೂ ಮುಟ್ಟದಿದ್ದರೆ ಎಲ್ಲಿರುತ್ತಿತ್ತೋ ಅಲ್ಲಿಗೆ ಬಂದು ನಿಲ್ಲುತ್ತದೆ. ಟಿಎಸ್‌ಸಿಅಡ್ಜಸ್ಟ್‌ರಿಸೆಟ್ ಎಂಬ ಕೆಕ್ಸ್ಟ್ ಮಾಡುವುದು ಇದನ್ನೇ. ಇಲ್ಲಿ ಕೋರುಗಳು ಒಂದೇ ಕ್ಷಣಕ್ಕೆ ಬರೆಯಬೇಕೆಂಬ ಹಂಗಿಲ್ಲ. ಒಂದು ಈಗ ಬರೆದು ಇನ್ನೊಂದು ನಿಧಾನವಾಗಿ ಬರೆದರೂ ಫಲಿತಾಂಶ ಒಂದೇ, ಏಕೆಂದರೆ ಅಳಿಸುತ್ತಿರುವುದು ವ್ಯತ್ಯಾಸವನ್ನು, ಓಡುತ್ತಿರುವ ಎಣಿಕೆಯನ್ನಲ್ಲ. ಒಂದೇ ಪ್ರೊಸೆಸರಿನ ಕೋರುಗಳು ಪವರ್ ಬಂದಾಗ ಒಟ್ಟಿಗೇ ಹೊರಟಿದ್ದವಾದ್ದರಿಂದ ತಿರುಗಿ ಸರಿಸಮವಾಗುತ್ತವೆ, ಒಂದು ಬಡಿತವೂ ಆಚೀಚೆಯಿಲ್ಲದೆ. ನಾನು ಓದಿದ ದುರಸ್ತಿಗಳಲ್ಲಿ ಇಷ್ಟು ಚೊಕ್ಕಟವಾದದ್ದು ಅಪರೂಪ. ಲಿನಕ್ಸ್ ಕೂಡ 2017ರ ಫೆಬ್ರವರಿಯಲ್ಲಿ ಬಂದ 4.10ನೇ ಆವೃತ್ತಿಯಿಂದ ಈ ರಿಜಿಸ್ಟರನ್ನು ಓದಿ, ಕೋರುಗಳ ನಡುವೆ ಹೊಂದಾಣಿಕೆ ಇಲ್ಲದಿದ್ದರೆ ತಾನೇ ಸರಿಪಡಿಸಿಕೊಳ್ಳತೊಡಗಿತು.

ಈಗ ಹೆಚ್ಚಿನವರು ಬಳಸುವುದು ಸಿಪಿಯುಟಿಎಸ್‌ಸಿಸಿಂಕ್ ಎಂಬ ಮೂರನೆಯದನ್ನು. ಥ್ರೆಡ್‌ಗಳ ಸಂಖ್ಯೆ ಬರೆಯುವ ರಗಳೆ ಇದರಲ್ಲಿಲ್ಲ. ಸ್ಲೀಪ್‌ನಿಂದ ಎದ್ದ ಗಳಿಗೆಯಲ್ಲಿ ಎಣಿಕೆ ಸರಿಹೋಗುವ ಮುಂಚೆಯೇ ಕರ್ನಲ್‌ನ ವಿದ್ಯುತ್ ನಿರ್ವಹಣೆಯ ಭಾಗ ಹೊತ್ತು ಕೇಳಿ ಎಡವಿ ಬೀಳುತ್ತಿತ್ತು. ಇದು ಎಣಿಕೆ ಸರಿಯಾಗುವ ತನಕ ಆ ಕರೆಯನ್ನು ತಡೆಹಿಡಿಯುತ್ತದೆ. ಆದರೂ ಕೆಕ್ಸ್ಟ್ ಓಡುವುದು ಕರ್ನಲ್ ಎದ್ದ ಮೇಲೆ. ಅದಕ್ಕಿಂತ ಮೊದಲೇ ಕರ್ನಲ್ ಮುಗ್ಗರಿಸುವ ಯಂತ್ರಗಳಿಗಾಗಿ ಓಪನ್‌ಕೋರ್ ಎಂಬ ಬೂಟ್‌ಲೋಡರಿನಲ್ಲೇ ಒಂದು ಸೌಲಭ್ಯವಿದೆ. ಕರ್ನಲ್‌ಗೆ ಅಧಿಕಾರ ಒಪ್ಪಿಸುವ ಮುನ್ನವೇ ಕೋರುಗಳನ್ನು ಸರಿಗಟ್ಟಲು ಅದು ಯತ್ನಿಸುತ್ತದೆ.

ಎಣಿಕೆ ಸರಿಯಿದ್ದೂ ಕಾಲ ಕೆಡುವ ಇನ್ನೊಂದು ಬಗೆಯಿದೆ. ಸೆಕೆಂಡಿಗೆ ಎಷ್ಟು ಬಡಿತ ಎಂಬುದೇ ತಪ್ಪಾದರೆ? ಎಎಂಡಿ ಪ್ರೊಸೆಸರಿನ ಮ್ಯಾಕ್ ಬಂದೇ ಇಲ್ಲ, ಹೀಗಾಗಿ ಮ್ಯಾಕ್‌ಓಎಸ್ ಕರ್ನಲ್ ಆ ವೇಗವನ್ನು ಇಂಟೆಲ್‌ನ ರಿಜಿಸ್ಟರುಗಳಲ್ಲೇ ಹುಡುಕುತ್ತದೆ. ಎಎಂಡಿಯ ರೈಜೆನ್ ಮೇಲೆ ಕೂರಿಸುವವರು ಕರ್ನಲ್‌ಗೆ ತೇಪೆ ಹಾಕಿ, ವೇಗವನ್ನು ಹೊರಗಿನಿಂದ ತಿಳಿಸಬೇಕು. ಓಪನ್‌ಕೋರ್ ಅದನ್ನು ಅಳೆದು ಕೊಡಬಲ್ಲದು. ಪವರ್ ಮ್ಯಾನೇಜ್‌ಮೆಂಟ್ ಟೈಮರ್ ಮೂರೂವರೆ ಲಕ್ಷಕ್ಕೂ ಸ್ವಲ್ಪ ಹೆಚ್ಚು ಎಣಿಸುವ ತನಕ, ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗ ಕಾಯುತ್ತದೆ. ಅಷ್ಟರಲ್ಲಿ ಟಿಎಸ್‌ಸಿ ಎಷ್ಟು ಮುಂದೆ ಹೋಯಿತೆಂದು ನೋಡಿ ಹತ್ತರಿಂದ ಗುಣಿಸುತ್ತದೆ. ನಿನ್ನೆ ಮೊನ್ನೆಯ ಪ್ರೊಸೆಸರನ್ನು ಅಳೆಯುವ ಗಜಕಡ್ಡಿ 1953ರ ಟಿವಿಯದು!

ಈ ತಪ್ಪು ಲಿನಕ್ಸ್‌ನಂಥ ಅನುಮಾನದ ಪ್ರಾಣಿಯನ್ನೂ ಬಿಟ್ಟಿಲ್ಲ. 2017ರಲ್ಲಿ ಬಂದ ಸ್ಕೈಲೇಕ್-ಎಕ್ಸ್ ಪ್ರೊಸೆಸರಿನ ಸರ್ವರ್ ಬಗೆಗೆ 25 ಮೆಗಾಹರ್ಟ್ಸ್ ಹರಳು, ಅದೇ ಮಾದರಿ ಸಂಖ್ಯೆಯ ವರ್ಕ್‌ಸ್ಟೇಷನ್ ಬಗೆಗೆ 24. ಕರ್ನಲ್ ಎರಡಕ್ಕೂ 25 ಎಂದೇ ಬರೆದುಕೊಂಡಿತ್ತು. ವರ್ಕ್‌ಸ್ಟೇಷನ್‌ಗಳ ಗಡಿಯಾರ ನೂರಕ್ಕೆ ನಾಲ್ಕರಷ್ಟು ಹಿಂದೆ ಬಿತ್ತು, ದಿನಕ್ಕೆ ಹೆಚ್ಚುಕಡಿಮೆ ಒಂದು ಗಂಟೆ. ಸರ್ವರ್‌ಗಳೂ ಬಚಾವಾಗಲಿಲ್ಲ. ರೇಡಿಯೊ ಗದ್ದಲ ತಗ್ಗಿಸಲು ಹಾಕಿದ್ದ ಸರ್ಕ್ಯೂಟ್ ಹರಳಿನ ವೇಗವನ್ನು ನೂರಕ್ಕೆ ಕಾಲು ಭಾಗದಷ್ಟು ಇಳಿಸಿ, ಹತ್ತು ನಿಮಿಷಕ್ಕೆ ಒಂದು ಸೆಕೆಂಡಿಗೂ ಹೆಚ್ಚು ನುಂಗುತ್ತಿತ್ತು. ಹರಳಿನ ವೇಗ ಇಂತಿಷ್ಟೇ ಎಂದು ಬರೆದಿಟ್ಟುಕೊಳ್ಳುವುದನ್ನು ಬಿಟ್ಟು ಅಳೆದು ನೋಡುವ ಹಳೆಯ ಪದ್ಧತಿಗೇ ಕರ್ನಲ್ ಮರಳಬೇಕಾಯಿತು.

ಹ್ಯಾಕಿಂಟಾಷ್‌ಗೆ ಇನ್ನು ಹೆಚ್ಚು ಆಯುಸ್ಸಿಲ್ಲ. 2020ರಲ್ಲಿ ಆಪಲ್ ತನ್ನದೇ ಚಿಪ್‌ಗಳತ್ತ ತಿರುಗಿತು. ಇಂಟೆಲ್ ಮ್ಯಾಕ್‌ಗಳಲ್ಲಿ ಓಡುವ ಕೊನೆಯ ಆವೃತ್ತಿ ಟಾಹೋ ಎಂದು 2025ರ ಜೂನ್‌ನಲ್ಲಿ ಹೇಳಿಯೂ ಆಯಿತು. ಆಪಲ್‌ನ ಹೊಸ ಚಿಪ್‌ಗಳು ಆರ್ಮ್ ಪದ್ಧತಿಯವು. ಅಲ್ಲಿ ಕಾಲದ ಎಣಿಕೆ ಕೋರಿಗೊಂದರಂತೆ ಇಲ್ಲ, ಇಡೀ ಚಿಪ್‌ಗೆ ಒಂದೇ. ಎಂ1ರಲ್ಲಿ ಅದು ಸೆಕೆಂಡಿಗೆ 2 ಕೋಟಿ 40 ಲಕ್ಷ ಎಣಿಸುತ್ತದೆ, ಕೋರುಗಳೆಲ್ಲ ಅದನ್ನೇ ಓದುತ್ತವೆ. ಈಗ ಬೆಂಬಲವಿಲ್ಲದ ಯಂತ್ರ ಎಂದರೆ ಮ್ಯಾಕ್‌ನ ಮೇಲೆ ಲಿನಕ್ಸ್. ಅಸಾಹಿ ಲಿನಕ್ಸ್ ತಂಡ ಆ ಕೆಲಸಕ್ಕೆ ಇಳಿದಾಗ ಎಣಿಕೆಯಲ್ಲಿ ತಕರಾರಿರಲಿಲ್ಲ, ತಕರಾರು ಬಂದದ್ದು ಎಚ್ಚರಿಸುವ ರೀತಿಯಲ್ಲಿ. ಆರ್ಮ್ ಚಿಪ್‌ಗಳಲ್ಲಿ ಪ್ರೊಸೆಸರನ್ನು ತಡೆದು ಸುದ್ದಿ ಹೇಳಲು ಎರಡು ದಾರಿಗಳಿವೆ: ಸಾಮಾನ್ಯವಾದ ಐಆರ್‌ಕ್ಯೂ, ತುರ್ತಿನದೆನ್ನುವ ಎಫ್‌ಐಕ್ಯೂ. 64 ಬಿಟ್ಟಿನ ಆರ್ಮ್‌ಗೆ ಬರೆದ ಲಿನಕ್ಸ್, ಟೈಮರಿನ ಸುದ್ದಿ ಮೊದಲನೆಯ ದಾರಿಯಲ್ಲೇ ಬರುತ್ತದೆಂದು ನಂಬಿ, ಎರಡನೆಯದನ್ನು ಬಳಸದೆ ಬಿಟ್ಟಿತ್ತು. ಆಪಲ್ ತನ್ನ ಟೈಮರುಗಳನ್ನು ಎಫ್‌ಐಕ್ಯೂಗೇ ಗಟ್ಟಿಯಾಗಿ ಕಟ್ಟಿಹಾಕಿತ್ತು. ಆ ದಾರಿಯನ್ನೂ ಕೇಳಿಸಿಕೊಳ್ಳಲು ಕಲಿತ ಲಿನಕ್ಸ್ 5.13ನೇ ಆವೃತ್ತಿಯಾಗಿ ಬಂದದ್ದು 2021ರ ಜೂನ್‌ನಲ್ಲಿ.